ಡೀಸೆಲ್ ಕ್ರಿಟಿಕಲ್, 92 ಪರ್ಸೆಂಟ್

ಕಚೇರಿಯ ಸರ್ವರ್‌ಗಳಲ್ಲಿ ಯಾವುದಾದರೂ ಒಂದು ಮಲಗಿದರೆ ನಮ್ಮನ್ನು ಮಲಗಲು ಬಿಡದಿರುವುದನ್ನೇ ಕಸುಬು ಮಾಡಿಕೊಂಡಿರುವ ತಂತ್ರಾಂಶವೊಂದನ್ನು ನೋಡಿಕೊಳ್ಳುವುದು ನನ್ನ ನೌಕರಿ. ಅದರ ಹೆಸರು ನಾಗಿಯೋಸ್. ಈಥನ್ ಗಾಲ್‌ಸ್ಟಾಡ್ ಎಂಬವರು 1999ರಲ್ಲಿ ಅಮೆರಿಕದಲ್ಲಿ ನೆಟ್‌ಸೇಂಟ್ ಎಂಬ ಹೆಸರಿನಿಂದ ಇದನ್ನು ಹೊರತಂದರು; ಟ್ರೇಡ್‌ಮಾರ್ಕ್ ತಕರಾರಿನ ಕಾರಣ 2002ರಲ್ಲಿ ಈಗಿನ ಹೆಸರು ಬಂತು; 2009ರಲ್ಲಿ ಇದರಿಂದ ಐಸಿಂಗಾ ಎಂಬ ಕವಲೂ ಒಡೆಯಿತು. ಹೆಸರು, ಮನೆತನ ಏನೇ ಬದಲಾದರೂ ಪ್ಲಗಿನ್ ಬರೆಯುವ ಕಟ್ಟಳೆ ಮಾತ್ರ ಹೆಚ್ಚುಕಡಿಮೆ ಹಾಗೆಯೇ ಉಳಿದಿದೆ. ನಾನು ಕಂಡ ಅವಾಂತರಗಳಲ್ಲಿ ಬಹುಪಾಲು ಆ ಕಟ್ಟಳೆಯನ್ನು ಯಂತ್ರವು ಚಾಚೂ ತಪ್ಪದೆ ಪಾಲಿಸಿದ್ದರಿಂದಲೇ ಆದವು.

ನಾಗಿಯೋಸ್‌ಗೆ ಸ್ವಂತ ಬುದ್ಧಿಯಿಂದ ಏನನ್ನೂ ಪರೀಕ್ಷಿಸಲು ಬರುವುದಿಲ್ಲ. ಪಕ್ಕದ ಯಂತ್ರ ಬದುಕಿದೆಯೇ ಎಂದು ಪಿಂಗ್ ಮಾಡಿ ನೋಡುವಷ್ಟೂ ಅದಕ್ಕೆ ತಿಳಿಯದು. ಅದಕ್ಕೂ ಒಂದು ಪ್ಲಗಿನ್ ಬೇಕು. ಪ್ಲಗಿನ್ ಎಂದರೆ ಶೆಲ್, ಪರ್ಲ್, ಪೈಥಾನ್, ಯಾವ ಭಾಷೆಯಲ್ಲಿ ಬರೆದರೂ ನಡೆಯುವ ಪುಟ್ಟ ಪ್ರೋಗ್ರಾಂ. ಅದು ಒಂದು ಸಾಲು ಪಠ್ಯವನ್ನು ಅಚ್ಚುಮಾಡಬೇಕು ಮತ್ತು ಮುಗಿಯುವಾಗ ಒಂದು ಅಂಕಿಯನ್ನು ಹಿಂತಿರುಗಿಸಬೇಕು: 0 ಎಂದರೆ ಓಕೆ, 1 ವಾರ್ನಿಂಗ್, 2 ಕ್ರಿಟಿಕಲ್, 3 ಅನ್‌ನೋನ್. ತೀರ್ಮಾನವೆಲ್ಲ ಅಂಕಿಯ ಮೇಲೆಯೇ. ಪಠ್ಯವನ್ನು ತಂತ್ರಾಂಶ ಓದುವುದಿಲ್ಲ, ಪರದೆಯ ಮೇಲೆ ತೋರಿಸುತ್ತದೆ ಅಷ್ಟೆ. ದಾರಿಯಲ್ಲಿ ಸಿಕ್ಕವರನ್ನೆಲ್ಲ ‘ಊಟ ಆಯ್ತಾ?’ ಎಂದು ಕೇಳಿ, ಎದುರಿನವರು ತಲೆಯಾಡಿಸಿದ್ದನ್ನಷ್ಟೇ ನೋಡಿ, ಅವರು ಹೇಳಿದ್ದನ್ನು ಕೇಳಿಸಿಕೊಳ್ಳದೆ ಮುಂದೆ ಹೋಗುವವರ ಹಾಗೆ ಇದು ಐದೈದು ನಿಮಿಷಕ್ಕೊಮ್ಮೆ ಎಲ್ಲ ಸರ್ವರ್‌ಗಳ ಕುಶಲವನ್ನು ವಿಚಾರಿಸುತ್ತದೆ.

ನಮ್ಮಲ್ಲಿ ರಾತ್ರಿಯ ಬ್ಯಾಕಪ್ ಸರಿಯಾಗಿ ನಡೆಯಿತೇ ಎಂದು ನೋಡುವ ಪ್ಲಗಿನ್ ಒಂದಿತ್ತು. ಅದನ್ನು ಬರೆದ ಪುಣ್ಯಾತ್ಮರು ಬ್ಯಾಕಪ್ ಸಿಗದಿದ್ದರೆ ‘ಬ್ಯಾಕಪ್ ಕ್ರಿಟಿಕಲ್’ ಎಂದು ದೊಡ್ಡ ಅಕ್ಷರಗಳಲ್ಲಿ ಅಚ್ಚಾಗುವಂತೆ ಮಾಡಿದ್ದರು. ಬಳಿಕ ಶಿಸ್ತಿಗಾಗಿ ಅದೇ ಸಂಗತಿಯನ್ನು ಲಾಗ್ ಫೈಲಿಗೂ ಬರೆಯುವ ಒಂದು ಎಕೋ ಸಾಲನ್ನು, ಅಂದರೆ ಕೊಟ್ಟ ಪಠ್ಯವನ್ನು ಹಾಗೆಯೇ ಹೊರಹಾಕುವ ಆಜ್ಞೆಯನ್ನು, ಕೊನೆಯಲ್ಲಿ ಸೇರಿಸಿದ್ದರು. ಶೆಲ್ ಸ್ಕ್ರಿಪ್ಟಿನಲ್ಲಿ ಬೇರೆ ಅಂಕಿಯನ್ನು ಕೊಡದಿದ್ದರೆ ಕೊನೆಯ ಆಜ್ಞೆಯ ಫಲವೇ ಇಡೀ ಸ್ಕ್ರಿಪ್ಟಿನ ಫಲ. ಎಕೋ ಎಂಬುದು ಬದುಕಿನಲ್ಲಿ ಸೋಲುವುದೇ ಅಪರೂಪವಾದ್ದರಿಂದ ಫಲ ಯಾವಾಗಲೂ 0. ಹೀಗಾಗಿ ನಮ್ಮ ಪರದೆಯ ಮೇಲೆ ಬಹಳ ಕಾಲ ‘ಬ್ಯಾಕಪ್ ಕ್ರಿಟಿಕಲ್’ ಎಂಬ ಬರಹ ಸೊಗಸಾದ ಹಸಿರು ಪಟ್ಟಿಯೊಳಗೆ ರಾರಾಜಿಸುತ್ತಿತ್ತು. ಹಸಿರಿನೊಳಗೆ ಏನು ಬರೆದಿದೆಯೆಂದು ಓದುವವರು ಯಾರು? ಪೈಥಾನ್‌ನಲ್ಲಿ ಬರೆದರೆ ಕಥೆ ಬೇರೆ: ಪ್ಲಗಿನ್ನೇ ಎಡವಿ ಬಿದ್ದರೂ ಪೈಥಾನ್ ಹಿಂತಿರುಗಿಸುವ ಅಂಕಿ 1, ಅಂದರೆ ವಾರ್ನಿಂಗ್. ಸರ್ವರ್ ಕಲ್ಲಿನಂತೆ ಗಟ್ಟಿಯಾಗಿದ್ದು ಪ್ಲಗಿನ್ ಸತ್ತುಬಿದ್ದಿದ್ದರೂ ನಮಗೆ ಬರುವುದು ಸರ್ವರಿನ ಮೇಲಿನ ದೂರು.

ಮುಂದಿನ ಕಷ್ಟ ಈ ಕಸುಬಿನವರಿಗೆಲ್ಲ ಪರಿಚಿತ. ಬರೆದ ಪ್ಲಗಿನ್ ಕೈಯಲ್ಲಿ ಓಡಿಸಿದರೆ ಚಿನ್ನದಂತೆ ಓಡುತ್ತದೆ, ನಾಗಿಯೋಸ್ ಓಡಿಸಿದರೆ ಮುಖ ತಿರುಗಿಸುತ್ತದೆ. ಕೈಯಲ್ಲಿ ಓಡಿಸುವಾಗ ನಾವು ರೂಟ್, ಅಂದರೆ ಆ ಯಂತ್ರದ ಸರ್ವಾಧಿಕಾರಿ, ಎಲ್ಲ ಬಾಗಿಲುಗಳೂ ತೆರೆದಿರುತ್ತವೆ. ನಾಗಿಯೋಸ್ ಓಡಿಸುವಾಗ ಅದೇ ಹೆಸರಿನ ಬಡ ಬಳಕೆದಾರನೊಬ್ಬನಿಗೆ ಲಾಗ್ ಫೈಲನ್ನು ಓದುವ ಅಪ್ಪಣೆಯೂ ಇರುವುದಿಲ್ಲ. ದೂರದ ಸರ್ವರಿನಲ್ಲಿ ಎನ್‌ಆರ್‌ಪಿಇ ಎಂಬ ದೂತನ ಮೂಲಕ ಓಡಿಸಿದರಂತೂ 5666ನೇ ಪೋರ್ಟ್ ಎಂಬ ಬಾಗಿಲನ್ನು ತೆರೆಸುವುದಕ್ಕೆ ಫೈರ್‌ವಾಲ್ ತಂಡದವರ ಕಾಲು ಹಿಡಿಯಬೇಕು. ಅದಾದ ಮೇಲೆ ಡೇಟಾಬೇಸ್ ಪ್ಲಗಿನ್ ಉತ್ತರ ಕೊಡಲು ಸ್ವಲ್ಪ ಯೋಚಿಸಿದರೂ ಸಾಕು, ವಿಚಾರಿಸುವವರು 10 ಸೆಕೆಂಡಿಗೆ ತಾಳ್ಮೆ ಕಳೆದುಕೊಂಡು ಸಾಕೆಟ್ ಟೈಮ್‌ಔಟ್ ಎಂದು ಕ್ರಿಟಿಕಲ್ ಹಾಕಿಬಿಡುತ್ತಾರೆ. ಇದೇ ದೂತನಿಗೆ ಹೊರಗಿನಿಂದ ಆರ್ಗ್ಯುಮೆಂಟ್‌ಗಳನ್ನು, ಅಂದರೆ ಪ್ಲಗಿನ್ನಿಗೆ ಕೊಡುವ ವಿವರಗಳನ್ನು, ಕಳಿಸಬೇಕಾದರೆ ‘ಡೋಂಟ್ ಬ್ಲೇಮ್ ಎನ್‌ಆರ್‌ಪಿಇ’ ಎಂಬ ಸೆಟ್ಟಿಂಗನ್ನು 1 ಎಂದು ಬರೆಯಬೇಕು. ಭದ್ರತೆಗೆ ಏನಾದರೂ ಆದರೆ ನನ್ನನ್ನು ದೂರಬೇಡಿ ಎಂದು ಮುಂಚಿತವಾಗಿಯೇ ಮುಚ್ಚಳಿಕೆ ಬರೆಸಿಕೊಳ್ಳುವ ಈ ಜಾಣತನವನ್ನು ನಮ್ಮ ಆಡಳಿತ ವಿಭಾಗದವರೂ ಕಲಿಯಬಹುದಿತ್ತು.

ಆದರೆ ಇವೆಲ್ಲವನ್ನೂ ಮೀರಿಸಿದ್ದು ಡೀಸೆಲ್ ಪ್ರಕರಣ. ಬೆಂಗಳೂರಿನಲ್ಲಿ ಸರ್ವರ್ ಕೋಣೆ ಇಟ್ಟುಕೊಂಡವರೆಲ್ಲರಿಗೂ ಜನರೇಟರ್ ಎಂಬುದು ಸರ್ವರ್‌ಗಿಂತ ಒಂದು ಗುಲಗಂಜಿ ಹೆಚ್ಚು ಮುಖ್ಯ. ಟ್ಯಾಂಕಿನಲ್ಲಿ ಡೀಸೆಲ್ ಎಷ್ಟಿದೆಯೆಂದು ತಿಳಿಸುವ ಸೆನ್ಸರ್ ಬಂದಿತು. ತಂಡಕ್ಕೆ ಹೊಸದಾಗಿ ಸೇರಿದ್ದ ಹುಡುಗ ಅದಕ್ಕೊಂದು ಪ್ಲಗಿನ್ ಬರೆದು, 40ಕ್ಕಿಂತ ಕೆಳಗಿಳಿದರೆ ವಾರ್ನಿಂಗ್, 20ಕ್ಕಿಂತ ಕೆಳಗಿಳಿದರೆ ಕ್ರಿಟಿಕಲ್ ಆಗಲಿ ಎಂಬ ಉದ್ದೇಶದಿಂದ ಕಾನ್ಫಿಗರೇಶನ್‌ನಲ್ಲಿ 40, 20 ಎಂದು ಬರೆದ. ನಾಗಿಯೋಸ್ ಶುರುವಾಗುವ ಮುನ್ನ ನಡೆಸುವ ಪರಿಶೀಲನೆಯೂ ‘ಥಿಂಗ್ಸ್ ಲುಕ್ ಓಕೆ’ ಎಂದು ಸರ್ಟಿಫಿಕೇಟ್ ಕೊಟ್ಟಿತು, ಏಕೆಂದರೆ ವ್ಯಾಕರಣ ಸರಿಯಾಗಿತ್ತು. ಪ್ಲಗಿನ್‌ಗಳ ಕಟ್ಟಳೆಯಲ್ಲಾದರೋ ಬರೇ 20 ಎಂದು ಬರೆದರೆ 0ಯಿಂದ 20ರವರೆಗೆ ಕ್ಷೇಮ, ಅದರ ಹೊರಗೆ ಹೋದರೆ ಅಪಾಯ ಎಂದರ್ಥ. 20ಕ್ಕಿಂತ ಕೆಳಗಿಳಿದಾಗ ಕೂಗಬೇಕಾದರೆ 20ರ ಬೆನ್ನಿಗೆ ಒಂದು ಕೋಲನ್, ಎರಡು ಚುಕ್ಕೆ, ಇರಬೇಕು. ಹುಡುಗನನ್ನು ನಾನು ದೂರುವುದಿಲ್ಲ. ಅವನು ಕಲಿತದ್ದು ಡಿಸ್ಕ್ ನೋಡುವ ಪ್ಲಗಿನ್ನಿನಿಂದ, ಅದರಲ್ಲಿ 20 ಪರ್ಸೆಂಟ್ ಎಂದು ಬರೆದರೆ ಖಾಲಿ ಜಾಗ ಅದಕ್ಕಿಂತ ಕೆಳಗಿಳಿದಾಗಲೇ ಅದು ಕೂಗುತ್ತದೆ. ಒಂದೇ ಪೆಟ್ಟಿಗೆಯಲ್ಲಿ ಬಂದ ಪ್ಲಗಿನ್‌ಗಳು ಒಂದೇ ಅಂಕಿಗೆ ತದ್ವಿರುದ್ಧ ಅರ್ಥ ಹೇಳಿದರೆ ಹೊಸಬರೇನು ಮಾಡಿಯಾರು?

ಟ್ಯಾಂಕು ತುಂಬಿಸಿದ ದಿನ ನಡುರಾತ್ರಿ ಮ್ಯಾನೇಜರರ ಫೋನ್ ಬಂತು.

‘ಡೀಸೆಲ್ ಕ್ರಿಟಿಕಲ್ ಅಂತ ಮೆಸೇಜ್ ಬಂದಿದೆ ಕಣ್ರೀ, 92 ಪರ್ಸೆಂಟ್ ಅಂತೆ. ಅಷ್ಟೂ ಖಾಲಿಯಾಗೋ ತನಕ ಏನ್ ಮಾಡ್ತಿದ್ರಿ?’

ಜನರೇಟರ್ ನೋಡಿಕೊಳ್ಳುವ ಹಿರಿಯರನ್ನು ಎಬ್ಬಿಸಿ ವಿಚಾರಿಸಿದೆ. ಅವರು ಟಾರ್ಚ್ ಹಿಡಿದು ಹೋಗಿ, ಮುಚ್ಚಳ ತೆಗೆದು, ಅಳತೆಯ ಕಡ್ಡಿ ಇಳಿಸಿ ನೋಡಿ ಬಂದು, ‘ಸಾರ್, ಬಾಯಿ ತನಕ ಇದೆ. ಇನ್ನೊಂದು ಲೀಟರ್ ಹಾಕಿದ್ರೂ ಆಚೆ ಚೆಲ್ಲುತ್ತೆ. ಹಾಕ್ಲಾ?’ ಎಂದರು. ಮ್ಯಾನೇಜರರು ಹಾಕಿಸಿ ಎಂದೇ ಹೇಳಿದರು, ನಾನು ಬೇಡವೆಂದೆ. ಮರುದಿನ ದುರಸ್ತಿ ಮಾಡೋಣವೆಂದರೆ ಕಾನ್ಫಿಗರೇಶನ್ ಬದಲಾಯಿಸಲು ಅನುಮತಿ ಪತ್ರ ಬೇಕು, ಅದಕ್ಕೆ ಸಹಿ ಹಾಕಬೇಕಾದವರು ರಜೆಯಲ್ಲಿದ್ದರು. ಅಲ್ಲಿಯವರೆಗೆ ಆ ಸೂಚನೆ ಯಾರ ಫೋನಿಗೂ ಬಾರದಂತೆ ನಿಲ್ಲಿಸಲಾಯಿತು. ಅಷ್ಟರಲ್ಲಿ ಮಳೆಗಾಲದ ಕರೆಂಟು ತನ್ನ ಸ್ವಭಾವವನ್ನು ತೋರಿಸಿ, ಜನರೇಟರ್ ಗಂಟೆಗಟ್ಟಲೆ ಓಡಿ, ಟ್ಯಾಂಕು ಇಳಿಯುತ್ತ ಬಂದಿತು. ಕೆಂಪಾಗಿದ್ದ ಸಾಲು ಒಂದು ಸಂಜೆ ಹಸಿರಾಗಿ ‘ಡೀಸೆಲ್ ಓಕೆ, 11 ಪರ್ಸೆಂಟ್’ ಎಂದು ನಗತೊಡಗಿತು. ಮ್ಯಾನೇಜರರು ಪರದೆಯನ್ನು ನೋಡಿ, ‘ಕೊನೆಗೂ ಸರಿ ಮಾಡಿದ್ರಲ್ಲ, ವೆರಿ ಗುಡ್’ ಎಂದು ಹುಡುಗನ ಬೆನ್ನು ತಟ್ಟಿ ಮನೆಗೆ ಹೊರಟರು. ಕಡ್ಡಿಯಿಳಿಸಿ ನೋಡುವ ತಮ್ಮ ಹಳೆಯ ಪದ್ಧತಿಯನ್ನು ಆ ಹಿರಿಯರು ಬಿಟ್ಟಿರಲಿಲ್ಲವಾದ್ದರಿಂದ ಆ ರಾತ್ರಿ ನಾವು ಬಚಾವಾದೆವು.

ನೆಟ್‌ವರ್ಕ್ ದಟ್ಟಣೆಯ ಪ್ಲಗಿನ್ ಬೇರೊಂದು ಬಗೆಯ ಮೋಜು ಕೊಟ್ಟಿತು. ಯಂತ್ರಗಳನ್ನು ಒಂದಕ್ಕೊಂದು ಜೋಡಿಸುವ ಸ್ವಿಚ್ ಎಂಬ ಪೆಟ್ಟಿಗೆಯಲ್ಲಿ ಎಷ್ಟು ಬೈಟ್ ಬಂತೆಂದು ಎಣಿಸುವ ಹಳೆಯ ಎಸ್‌ಎನ್‌ಎಂಪಿ (ನೆಟ್‌ವರ್ಕ್ ಉಪಕರಣಗಳನ್ನು ವಿಚಾರಿಸುವ ಪದ್ಧತಿ) ಕೌಂಟರ್ 32 ಬಿಟ್‌ನದು. ಸುಮಾರು 429 ಕೋಟಿ ತಲುಪಿದ ಕೂಡಲೇ ಅದು ಮತ್ತೆ ಸೊನ್ನೆಯಿಂದ ಎಣಿಸತೊಡಗುತ್ತದೆ. ಒಂದು ಗಿಗಾಬಿಟ್ ವೇಗದ ಲಿಂಕ್ ತುಂಬಿ ಹರಿದರೆ ಅದಕ್ಕೆ ಹಿಡಿಯುವುದು ಬರೇ 34 ಸೆಕೆಂಡು. ಐದು ನಿಮಿಷಕ್ಕೊಮ್ಮೆ ಓದಿ, ಈಗಿನದರಲ್ಲಿ ಹಿಂದಿನದನ್ನು ಕಳೆಯುವ ಪ್ಲಗಿನ್ನಿಗೆ ಉತ್ತರ ಎಷ್ಟೋ ಸಲ ಮೈನಸ್ ಬಂದೀತು. ಆ ಗ್ರಾಫನ್ನು ಸಭೆಯಲ್ಲಿ ತೋರಿಸಿದಾಗ ಲೆಕ್ಕಪತ್ರ ವಿಭಾಗದವರು ಬಹಳ ಗಂಭೀರವಾಗಿ, ‘ಹಾಗಾದ್ರೆ ನಾವು ಉಪಯೋಗಿಸದೆ ವಾಪಸ್ ಕೊಟ್ಟ ಇಂಟರ್ನೆಟ್ಟಿಗೆ ದುಡ್ಡು ಹಿಂದಕ್ಕೆ ಬರುತ್ತಾ?’ ಎಂದು ಕೇಳಿದರು. 64 ಬಿಟ್ ಕೌಂಟರಿಗೆ ಬದಲಾಯಿಸಿದ ಮೇಲೆ ಅವರ ಆಸೆಯೂ ಮುಗಿಯಿತು.

ಇನ್ನು ಸಂಬಂಧಗಳ ವಿಷಯ. ಯಾವ ಸರ್ವರಿನ ದಾರಿ ಯಾವ ಸ್ವಿಚ್‌ನ ಮೂಲಕ ಎಂಬುದನ್ನು ಪೇರೆಂಟ್ಸ್ ಎಂಬ ಸಾಲಿನಲ್ಲಿ ಬರೆಯಬೇಕು. ಬರೆದರೆ, ಸ್ವಿಚ್ ಕೆಟ್ಟಾಗ ಅದರ ಹಿಂದಿರುವವು ಸತ್ತಿಲ್ಲ, ಕೈಗೆ ಸಿಗುತ್ತಿಲ್ಲವಷ್ಟೇ ಎಂದು ನಾಗಿಯೋಸ್ ತಿಳಿದುಕೊಂಡು, ಬೇಕೆಂದರೆ ಅವುಗಳ ಬಗ್ಗೆ ಸುಮ್ಮನಿರುತ್ತದೆ. ನಮ್ಮಲ್ಲಿ ಆ ಸಾಲನ್ನು ಯಾರೂ ಬರೆದಿರಲಿಲ್ಲವಾದ್ದರಿಂದ ಮುಖ್ಯ ಸ್ವಿಚ್ಚೊಂದರ ವಿದ್ಯುತ್ ತಂತಿ ಸಡಿಲವಾದ ದಿನ ಪ್ರತಿಯೊಂದು ಸರ್ವರಿನದೂ ಬೇರೆ ಬೇರೆ ಮರಣವಾರ್ತೆ ಎಸ್‌ಎಂಎಸ್ ರೂಪದಲ್ಲಿ ಬಂದು ಫೋನು ಕಾದುಹೋಯಿತು. ಅದಕ್ಕಿಂತ ದೊಡ್ಡ ಅನಾಹುತವಾದ ದಿನ ಒಂದು ಸಂದೇಶವೂ ಬರಲಿಲ್ಲ. ಅಂದು ಕಡಿದಿದ್ದದ್ದು ರಸ್ತೆ ಅಗೆಯುವವರ ಕೈಗೆ ಸಿಕ್ಕ ಇಂಟರ್ನೆಟ್ ಕೇಬಲ್. ಎಸ್‌ಎಂಎಸ್ ಕಳಿಸುವ ಗೇಟ್‌ವೇ ಇದ್ದದ್ದು ಆ ಕೇಬಲ್ಲಿನ ಆಚೆ ಬದಿಯಲ್ಲಿ. ಇಂಟರ್ನೆಟ್ ಹೋಗಿದೆ ಎಂಬ ಸುದ್ದಿಯನ್ನು ನಾಗಿಯೋಸ್ ಅತ್ಯಂತ ಶ್ರದ್ಧೆಯಿಂದ ಇಂಟರ್ನೆಟ್ ಮೂಲಕವೇ ತಿಳಿಸಲು ಪ್ರಯತ್ನಿಸುತ್ತಿತ್ತು. ನಾವೆಲ್ಲ ಅಂದು ಚೆನ್ನಾಗಿ ನಿದ್ದೆ ಮಾಡಿದೆವು ಎಂಬುದನ್ನು ಮ್ಯಾನೇಜರರ ಮುಂದೆ ಯಾರೂ ಹೇಳಲಿಲ್ಲ. ಆಮೇಲೆ ಸಿಮ್ ಹಾಕಿದ ಮೋಡೆಮ್ ಒಂದನ್ನು ತರಿಸಿಕೊಂಡೆವು.

ಸೂಚನೆಗಳ ಕಾಟ ತಪ್ಪಿಸಿಕೊಳ್ಳಲು ತಂತ್ರಾಂಶದಲ್ಲೇ ಒಂದು ಸಭ್ಯವಾದ ದಾರಿಯಿದೆ. ತೊಂದರೆಯ ಎದುರು ಅಕ್ನಾಲೆಜ್ ಒತ್ತಿ, ಒಂದು ಟಿಪ್ಪಣಿ ಬರೆದರೆ, ‘ಇದನ್ನು ಒಬ್ಬರು ವಹಿಸಿಕೊಂಡಿದ್ದಾರೆ’ ಎಂದು ತಿಳಿದು ಅದು ಬಾಯಿ ಮುಚ್ಚುತ್ತದೆ. ಸ್ಟಿಕಿ ಎಂಬ ಚೌಕಕ್ಕೂ ಗುರುತು ಹಾಕಿದ್ದರೆ ವಾರ್ನಿಂಗ್ ಬೆಳೆದು ಕ್ರಿಟಿಕಲ್ ಆದರೂ ಅದು ಮಾತಾಡುವುದಿಲ್ಲ. ಪೂರ್ತಿ ಗುಣವಾಗುವ ತನಕ ಮೌನ. ನಮ್ಮ ಹಳೆಯ ದಾಖಲೆಗಳ ಸರ್ವರಿನ ಡಿಸ್ಕ್ ತುಂಬುತ್ತಿದೆ ಎಂಬ ಸೂಚನೆಯ ಎದುರು ‘ನಾಳೆ ಬೆಳಿಗ್ಗೆ ನೋಡುತ್ತೇನೆ’ ಎಂಬ ಟಿಪ್ಪಣಿ ಇರುವುದನ್ನು ಇತ್ತೀಚೆಗೆ ಕಂಡೆ. ಬರೆದವರು ನಮ್ಮ ಕಚೇರಿ ಬಿಟ್ಟು, ಸೇರಿದ ಕಡೆಯಲ್ಲೂ ಬಡ್ತಿ ಪಡೆದು, ಈಗ ತಮ್ಮದೇ ಒಂದು ತಂಡವನ್ನು ನಡೆಸುತ್ತಿದ್ದಾರೆ. ಫೋನ್ ಮಾಡಿ ವಿಷಯ ತಿಳಿಸಿದೆ. ಒಂದು ಕ್ಷಣ ನೆನಪಿಸಿಕೊಂಡು, ‘ಅಯ್ಯೋ, ಅದು ಇನ್ನೂ ತುಂಬಿಲ್ವಾ?’ ಎಂದರು.