ಇಸಕೊಂಡವನು ಈರಭದ್ರ

ನಮ್ಮ ಮನೆಯ ಹಿತ್ತಾಳೆಯ ಇಡ್ಲಿ ಪಾತ್ರೆ ಎಂಟು ವರ್ಷಗಳಿಂದ ಪಕ್ಕದ ಮನೆಯಲ್ಲಿದೆ. ಗೌರಿ ಹಬ್ಬಕ್ಕೆಂದು ಇಸಿದುಕೊಂಡು ಹೋದವರು ಮರಳಿಸಲಿಲ್ಲ, ನಾವೂ ಕೇಳಲಿಲ್ಲ. ಅಷ್ಟರಲ್ಲಿ ನಮ್ಮಲ್ಲಿಗೆ ಕುಕ್ಕರಿನೊಳಗೆ ಇಳಿಸುವ ತಟ್ಟೆಗಳು ಬಂದಿದ್ದವು. ಮೊನ್ನೆ ಅವರ ಸೊಸೆ ಅದೇ ಪಾತ್ರೆಯನ್ನು ಹುಣಸೆಹಣ್ಣು ಹಾಕಿ ತಿಕ್ಕುತ್ತಾ, “ಇದು ನಮ್ಮ ಅತ್ತೆಯವರ ಕಾಲದ್ದು” ಎಂದು ನನ್ನ ಹೆಂಡತಿಗೇ ತೋರಿಸಿದಳಂತೆ. ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ.

ಚಹಾದ ವಿಷಯದಲ್ಲಿ ಚೀನಾ ಕೂಡ ಇಂಥದೇ ಕೋಡಂಗಿ. ಎಲೆಯನ್ನು ನುಣ್ಣಗೆ ಬೀಸಿ, ಬಟ್ಟಲಿಗೆ ಬಿಸಿನೀರು ಹೊಯ್ದು, ಬಿದಿರಿನ ಪುಟ್ಟ ಕಡೆಗೋಲಿನಿಂದ ನೊರೆ ಎಬ್ಬಿಸುವ ಹಸಿರು ಚಹಾವನ್ನು ಕಂಡರೆ ಯಾರಾದರೂ ಜಪಾನಿನದು ಎನ್ನುತ್ತಾರೆ. ಅದು ಚೀನಾದ ಸೊಂಗ್ ದೊರೆಗಳ ಕಾಲದ ಷೋಕಿ. ಹುಯಿಝಾಂಗ್ ಎಂಬ ಚಕ್ರವರ್ತಿ ನೊರೆಯ ಸೊಬಗನ್ನೂ ಬಣ್ಣಿಸಿ ಚಹಾದ ಮೇಲೆ ತಾನೇ ಒಂದು ಗ್ರಂಥ ಬರೆದ. 1127ರಲ್ಲಿ ಅವನ ರಾಜಧಾನಿಯನ್ನು ಉತ್ತರದಿಂದ ದಂಡೆತ್ತಿ ಬಂದ ಜುರ್ಚೆನ್ನರು ಕಿತ್ತುಕೊಂಡರು. ಅದರಲ್ಲಿ ಚಹಾದ ತಪ್ಪೇನಿಲ್ಲ ಬಿಡಿ.

1191ರಲ್ಲಿ ಐಸಾಯ್ ಎಂಬ ಜಪಾನೀ ಸನ್ಯಾಸಿ ಚೀನಾದಿಂದ ಊರಿಗೆ ಮರಳಿದಾಗ ಝೆನ್ ಧ್ಯಾನದ ಜೊತೆಗೆ ಈ ರೂಢಿಯನ್ನೂ ತಂದ. 1214ರ ಒಂದು ಬೆಳಿಗ್ಗೆ ಜಪಾನಿನ ಷೋಗನ್, ಅಂದರೆ ದಂಡನಾಯಕ, ಸಾನೆತೊಮೊ ಹಿಂದಿನ ರಾತ್ರಿಯ ಕುಡಿತದಿಂದ ನರಳುತ್ತಿದ್ದಾಗ ಐಸಾಯ್ ಒಂದು ಬಟ್ಟಲು ಚಹಾ ಕಳುಹಿಸಿದ, ಜೊತೆಗೆ ಚಹಾದ ಮಹಿಮೆಯ ಕುರಿತು ತಾನೇ ಬರೆದ ಪುಸ್ತಕವನ್ನೂ ಕೊಟ್ಟ. ತಲೆ ಸಿಡಿಯುತ್ತಿರುವವನ ಕೈಗೆ ಪುಸ್ತಕ ಕೊಡುವ ಧೈರ್ಯ ಸನ್ಯಾಸಿಗೂ ಲೇಖಕನಿಗೂ ಮಾತ್ರ ಇರುತ್ತದೆ. ಐಸಾಯ್ ಎರಡೂ ಆಗಿದ್ದ.

ಇತ್ತ ಚೀನಾದಲ್ಲಿ ಬಡ ರೈತನ ಮಗನೊಬ್ಬ ಮಿಂಗ್ ವಂಶದ ಮೊದಲ ಚಕ್ರವರ್ತಿಯಾದ. ಅರಮನೆಗೆ ಒಪ್ಪಿಸುವ ಚಹಾವನ್ನು ಅಚ್ಚು ಹಾಕಿ, ಆಮೇಲೆ ಪುಡಿಗೆ ಬೀಸಿಕೊಳ್ಳುವ ಬಿಲ್ಲೆ ಮಾಡುವುದು ಜನರಿಗೆ ಸುಮ್ಮನೆ ಹೊರೆಯೆಂದು 1391ರಲ್ಲಿ ಅದನ್ನು ನಿಲ್ಲಿಸಿ, ಬಿಡಿ ಎಲೆಯನ್ನೇ ಕಳುಹಿಸಿರೆಂದ. ಕ್ರಮೇಣ ಮನೆಮನೆಯಲ್ಲೂ ಎಲೆ ನೆನೆಸುವುದೇ ರೂಢಿಯಾಗಿ ಪುಡಿ, ಕಡೆಗೋಲುಗಳು ಮೂಲೆ ಸೇರಿದವು. ಅವರ ಮನೆಗೂ ಕುಕ್ಕರ್ ಬಂತೆನ್ನಿ. ಪಕ್ಕದ ಮನೆಯಲ್ಲಿ ಮಾತ್ರ ಪಾತ್ರೆ ಥಳಥಳ ಹೊಳೆಯುತ್ತಿತ್ತು. ಹದಿನಾರನೆಯ ಶತಮಾನದಲ್ಲಿ ಸೆನ್ ನೊ ರಿಕ್ಯು ಎಂಬ ಚಹಾ ಗುರು ಅದನ್ನು ಎರಡೇ ಚಾಪೆಯಗಲದ ಕೋಣೆಗೆ ಒಯ್ದು ಕೂರಿಸಿದ. ಕಡೆಗೋಲು ಎರವಲಿನದು, ನಿಜ. ಆ ಇಕ್ಕಟ್ಟು, ಆ ಮೌನ ಜಪಾನಿನದೇ.

ಕೊರಿಯಾದ್ದು ಇನ್ನೊಂದು ಕಥೆ. 828ರಲ್ಲಿ ಚೀನಾದ ತಾಂಗ್ ಆಸ್ಥಾನದಿಂದ ಮರಳಿದ ರಾಯಭಾರಿ ತಂದ ಬೀಜಗಳನ್ನು ರಾಜ ಜಿರಿ ಬೆಟ್ಟದಲ್ಲಿ ಬಿತ್ತಿಸಿದ. ಮುಂದೆ ಜೋಸನ್ ಅರಸರು ಚೀನಾದಿಂದಲೇ ಬಂದ ಕನ್‌ಫ್ಯೂಷಿಯಸ್ಸನ ಮತವನ್ನು ಹಿಡಿದು ಬೌದ್ಧ ವಿಹಾರಗಳನ್ನು ಮೂಲೆಗೊತ್ತಿದಾಗ, ಅವುಗಳ ಜೊತೆ ಚಹಾವೂ ಬೆಟ್ಟ ಸೇರಿತು. ಹೆಸರು ಮಾತ್ರ ಊರಲ್ಲೇ ಉಳಿಯಿತು. ಸುಗ್ಗಿ ಹಬ್ಬದಲ್ಲೂ ಹೊಸ ವರ್ಷದಲ್ಲೂ ಹಿರಿಯರಿಗೆ ಎಡೆಯಿಡುವ ವಿಧಿಗೆ ಇಂದಿಗೂ ‘ಚಾರ್ಯೆ’, ಅಂದರೆ ಚಹಾದ ವಿಧಿ, ಎನ್ನುತ್ತಾರೆ. ಬಟ್ಟಲಿನಲ್ಲಿ ಇರುವುದು ಸಾಮಾನ್ಯವಾಗಿ ಅಕ್ಕಿಯ ಮದ್ಯ. ಮಹಾಲಯದಲ್ಲಿ ಹಿರಿಯರಿಗೆ ಏನು ಇಷ್ಟವೋ ಅದನ್ನೇ ಎಡೆಯಿಡುವ ನಮ್ಮ ಮನೆಗಳವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಟಿಬೆಟ್ಟಿಗೆ ಚಹಾ ಹೋದದ್ದು ಧ್ಯಾನಕ್ಕಲ್ಲ, ಕುದುರೆಗಾಗಿ. ಚೀನಾಕ್ಕೆ ಯುದ್ಧದ ಕುದುರೆ ಸಾಲದು, ಟಿಬೆಟ್ಟಿನ ಚಳಿಯಲ್ಲಿ ಚಹಾ ಗಿಡ ಬೆಳೆಯದು. ಈ ವಿನಿಮಯಕ್ಕೆಂದೇ 1074ರಲ್ಲಿ ಸಿಚುವಾನಿನಲ್ಲಿ ಒಂದು ಸರ್ಕಾರಿ ಕಚೇರಿ ಎದ್ದಿತು. ಇಟ್ಟಿಗೆಯಂತೆ ಒತ್ತಿದ ಚಹಾ ಬೆಟ್ಟವೇರಿ ಹೋಯಿತು. ಅಲ್ಲಿನವರು ಅದನ್ನು ಕುದಿಸಿ, ಉಪ್ಪು ಬೆಣ್ಣೆ ಹಾಕಿ, ಉದ್ದನೆಯ ಮರದ ಕೊಳವೆಯಲ್ಲಿ ಕಡೆದರು.

ಆ ಚಹಾವನ್ನು ನಾನು ಕುಡಿದದ್ದು ಬೈಲಕುಪ್ಪೆಯ ಟಿಬೆಟನ್ ಶಿಬಿರದಲ್ಲಿ, ಗೆಳೆಯನ ಪರಿಚಯದ ಅಜ್ಜಿಯೊಬ್ಬರ ಮನೆಯಲ್ಲಿ. ಚಹಾ ಎಂದುಕೊಂಡು ಕುಡಿದರೆ ಗಂಟಲು ಒಪ್ಪುವುದಿಲ್ಲ. ಸಾರು ಎಂದುಕೊಂಡರೆ ತಕರಾರಿಲ್ಲ. ಬಿಟ್ಟರೆ ಅಜ್ಜಿ ನೊಂದುಕೊಂಡಾರೆಂದು ಗಟಗಟನೆ ಮುಗಿಸಿದೆ. ಬಟ್ಟಲು ತುಂಬಿತು. ಮತ್ತೆ ಮುಗಿಸಿದೆ, ಮತ್ತೆ ತುಂಬಿತು. ಅತಿಥಿಯ ಬಟ್ಟಲು ಬರಿದಾಗಲು ಬಿಡುವುದಿಲ್ಲ, ಸಾಕಾದರೆ ತುಂಬಿದ್ದನ್ನು ಹಾಗೆಯೇ ಮುಂದಿಟ್ಟುಕೊಂಡು ಕೂರಬೇಕು, ಏಳುವಾಗ ಕುಡಿದರಾಯಿತು ಎಂದು ಗೆಳೆಯ ಪಿಸುಗುಟ್ಟುವ ಹೊತ್ತಿಗೆ ನಾನು ನಾಲ್ಕನೆಯದರ ತಳದಲ್ಲಿದ್ದೆ.