ಚತುರ್ಥಿಯ ದಾರಿಯಲ್ಲಿ ಫ್ರೆಂಚ್

ಮಾಂಟ್ರಿಯಲ್‌ನಲ್ಲಿ ವಯಸ್ಕ ವಲಸಿಗರಿಗಾಗಿ ನಡೆಯುವ ಫ್ರೆಂಚ್ ತರಗತಿಯಲ್ಲಿ ಒಂದು ಸಂಜೆ, ಇಂಗ್ಲಿಷಿನ ‘ಐ ಮಿಸ್ ಯು’ ಎಂಬ ವಾಕ್ಯವನ್ನು ಫ್ರೆಂಚಿಗೆ ತರಬೇಕಾಗಿತ್ತು. ಶಿಕ್ಷಕಿ ಹಲಗೆಯ ಮೇಲೆ ‘ತ್ಯು ಮ ಮಾಂಕ್’ ಎಂದು ಬರೆದಾಗ, ಇಂಗ್ಲಿಷಿನ ಮೂಲಕ ಕಲಿಯುತ್ತಿದ್ದ ಹಲವರಿಗೆ ಕರ್ತೃ, ಕರ್ಮಗಳು ಅದಲುಬದಲಾದಂತೆ ಕಂಡವು. ಯಾರ ನೆನಪು ಕಾಡುತ್ತಿದೆಯೋ ಅವರೇ ಅಲ್ಲಿ ಕರ್ತೃ. ಕಾಡಿಸಿಕೊಳ್ಳುವವರು ‘ನನಗೆ’ ಎಂಬ ಚತುರ್ಥಿ ವಿಭಕ್ತಿಯಲ್ಲಿ ನಿಲ್ಲುತ್ತಾರೆ. ಇಂಗ್ಲಿಷಿನ ಕ್ರಮವನ್ನೇ ಹಿಡಿದು ‘ಜ ತ ಮಾಂಕ್’ ಎಂದರೆ, ನಾನಿಲ್ಲದ ಕೊರಗು ನಿನಗಿದೆ ಎಂದು ಅರ್ಥ ತಿರುಗಿಬಿಡುತ್ತದೆ.

ನನಗೆ ಆಗ ನೆನಪಾದದ್ದು ತುಮಕೂರಿನಿಂದ ಅಮ್ಮ ಫೋನಿನಲ್ಲಿ ಆಡುವ ಮಾತು: ‘ನಿನ್ನ ನೆನಪಾಗತ್ತೆ ಕಣೋ, ಮನೆಯೆಲ್ಲ ಬಿಕೋ ಅನ್ನತ್ತೆ.’ ಆ ಮಾತಿನಲ್ಲಿ ‘ನಾನು’ ಇಲ್ಲವೇ ಇಲ್ಲ. ನನಗೆ ಬೇಕು, ನನಗೆ ಹಿಡಿಸಿತು ಎಂದು ದಿನವಿಡೀ ಚತುರ್ಥಿಯಲ್ಲೇ ಬದುಕುವ ನಮಗೆ, ಫ್ರೆಂಚಿನ ‘ಇಲ್ ಮ ಫೋ’ (ನನಗೆ ಬೇಕು), ‘ಸಾ ಮ ಪ್ಲೆ’ (ನನಗೆ ಹಿಡಿಸುತ್ತದೆ) ಎಂಬ ಪ್ರಯೋಗಗಳು ನೆರೆಮನೆಯ ಮಾತಿನಂತೆ ಕೇಳಿಸಬೇಕು. ಹಾಗೆ ಕೇಳಿಸದಿರುವುದಕ್ಕೆ ಕಾರಣ, ಕನ್ನಡಿಗರಾದ ನಾವು ಯಾವ ಭಾಷೆಯನ್ನು ಕಲಿಯಹೊರಟರೂ ಮೊದಲು ಇಂಗ್ಲಿಷಿನ ಅಂಗಳಕ್ಕೆ ಹೋಗಿ ನಿಲ್ಲುವುದೇ ಎಂದು ನಾನು ದೃಢವಾಗಿ ನಂಬಿದ್ದೇನೆ.

‘ಮಾಂಕೆ’ ಎಂಬ ಈ ಕ್ರಿಯಾಪದದ ಉಳಿದ ಬಳಕೆಗಳಿಗೆ ನಮ್ಮ ‘ತಪ್ಪು’ ಧಾತು ಅಚ್ಚರಿಯಷ್ಟು ಹತ್ತಿರದ್ದು. ‘ಮಾಂಕೆ ಆ ಸಾ ಪರೋಲ್’ ಎಂದರೆ ಕೊಟ್ಟ ಮಾತಿಗೆ ತಪ್ಪುವುದು. ಅಲ್ಲಿಯ ‘ಆ’ ಇಲ್ಲಿಯ ‘ಗೆ’ ಪ್ರತ್ಯಯದ ಜಾಗದಲ್ಲೇ ಕುಳಿತಿದೆ. ಆಹ್ವಾನ ಪತ್ರಿಕೆಯಲ್ಲಿ ‘ತಪ್ಪದೆ ಬನ್ನಿ’ ಎಂದು ನಾವು ಅಚ್ಚು ಹಾಕಿಸುವುದನ್ನು ಫ್ರೆಂಚರು ‘ನ ಮಾಂಕೆ ಪಾ ದ ವನಿರ್’ ಎನ್ನುತ್ತಾರೆ, ಇದರಲ್ಲೂ ಅದೇ ಧಾತು, ಅದೇ ನಿಷೇಧ. ಗುರಿ ತಪ್ಪುವುದಕ್ಕೂ ರೈಲು ತಪ್ಪುವುದಕ್ಕೂ ‘ಮಾಂಕೆ’ ಸಲ್ಲುತ್ತದೆ, ಆದರೆ ರೈಲಿನ ವಿಷಯದಲ್ಲಿ ಫ್ರಾನ್ಸಿನವರು ಮಾತಿನಲ್ಲಿ ‘ರಾತೆ’ ಎನ್ನುವುದೇ ಹೆಚ್ಚು. ಸಾರಿಗೆ ಉಪ್ಪು ಸಾಲದಿದ್ದರೂ ‘ಮಾಂಕೆ’ಗೆ ‘ದ’ ಸೇರಬೇಕು, ಆದರೆ ಅಲ್ಲಿ ನಮ್ಮ ‘ತಪ್ಪು’ ನೆರವಿಗೆ ಬರುವುದಿಲ್ಲ.

ಎರಡೂ ಒಂದೇ ಎಂದು ನಾನು ಹೇಳುತ್ತಿಲ್ಲ. ಫ್ರೆಂಚಿನಲ್ಲಿ ಮನುಷ್ಯನೇ ಕೊರತೆಯಾಗುತ್ತಾನೆ, ಕನ್ನಡದಲ್ಲಿ ಅವನ ನೆನಪು ಬರುತ್ತದೆ. ಈ ವ್ಯತ್ಯಾಸ ಚಿಕ್ಕದಲ್ಲ. ಆದರೂ ಊರಿಗೆ ಹೋದಾಗಲೆಲ್ಲ ‘ಮಿಸ್ ಮಾಡ್ಕೊತಿದ್ದೀನಿ’ ಎಂಬುದನ್ನು ಚಿಕ್ಕವರ ಬಾಯಲ್ಲಿ ಕೇಳುವಾಗ ನನಗೆ ಸಂಕಟವಾಗುತ್ತದೆ, ಏಕೆಂದರೆ ತಾನಾಗಿ ಬಂದು ಆವರಿಸುವ ನೆನಪು ಅಲ್ಲಿ ನಾವು ಮಾಡುವ ಒಂದು ಕೆಲಸವಾಗಿಬಿಟ್ಟಿದೆ.

ಮಾಂಟ್ರಿಯಲ್ ಇರುವ ಕೆಬೆಕ್ ಪ್ರಾಂತದ ಆಡುಮಾತಿನಲ್ಲಿ ಇದಕ್ಕೆ ಇನ್ನೊಂದು ದಾರಿಯೂ ಇದೆ. ನಮ್ಮ ಮೆಟ್ಟಿಲ ಪಕ್ಕದ ಮನೆಯ ವೃದ್ಧೆ, ದೂರದ ಆಲ್ಬರ್ಟಾದಲ್ಲಿರುವ ಮಗನ ಬಗ್ಗೆ ಹೇಳುತ್ತ, ಕೈಯಲ್ಲಿದ್ದ ಹಿಮದ ಸಲಿಕೆಯನ್ನು ಗೋಡೆಗೆ ಒರಗಿಸಿ, ‘ಜ ಮಾನ್ನುಯಿ ದ ಲುಯಿ’ ಎಂದರು. ‘ಆನ್ನುಯಿ’ ಎಂದರೆ ಬೇಸರ. ಅವನಿಲ್ಲದೆ ಬೇಜಾರು ಎಂದು ಅವರು ಹೇಳುತ್ತಿದ್ದುದು ನನಗೆ ನೇರವಾಗಿ ಕನ್ನಡದಲ್ಲೇ ತಿಳಿಯಿತು.