ಪ್ಲೇಟ್‌ಲೆಟ್ ಎಷ್ಟಾಯ್ತು?

ಮಳೆಗಾಲ ಬಂತೆಂದರೆ ಬೆಂಗಳೂರಿನಲ್ಲಿ ಕುಶಲ ವಿಚಾರಿಸುವ ಕ್ರಮವೇ ಬದಲಾಗುತ್ತದೆ. ಡೆಂಗಿ ಬಂದು ಮಲಗಿದವನ ಹತ್ತಿರ ಊಟ ಸೇರ್ತಾ, ವಾಂತಿ ನಿಂತಿತಾ ಎಂದು ಕೇಳುವವರು ಹಳೇ ಕಾಲದವರು. ಈಗ ಇರುವುದು ರಕ್ತ ಹೆಪ್ಪುಗಟ್ಟಲು ನೆರವಾಗುವ ಸಣ್ಣ ಕಣಗಳ ಬಗ್ಗೆ ಒಂದೇ ಪ್ರಶ್ನೆ: “ಪ್ಲೇಟ್‌ಲೆಟ್ ಎಷ್ಟಾಯ್ತು?” ಮನೆಮಂದಿಯ ವಾಟ್ಸಾಪ್ ಗ್ರೂಪಿನಲ್ಲಿ ಬೆಳಿಗ್ಗೆ 82, ಸಂಜೆ 64, ಮಾರನೇ ದಿನ 41 ಎಂದು ಅಂಕಿ ಬೀಳುತ್ತವೆ. ಮುಂದಿನ ‘ಸಾವಿರ’ವನ್ನು ಯಾರೂ ಬರೆಯುವುದಿಲ್ಲ, ಅಷ್ಟು ಪರಿಣತಿ ಎಲ್ಲರಿಗೂ ಬಂದಿದೆ. ಕೆಳಗೆ ಕೈಮುಗಿದ ಚಿತ್ರಗಳ ಸಾಲು. ರೋಗಿ ಎದ್ದು ಕೂತು ಎರಡು ಇಡ್ಲಿ ತಿಂದ ಎಂಬ ಸುದ್ದಿಗೆ ಮಾತ್ರ ಒಂದು ಹೆಬ್ಬೆರಳೂ ಇಲ್ಲ.

ಈ 41 ಎಲ್ಲಿಂದ ಬಂತು? ನೇರಳೆ ಮುಚ್ಚಳದ ಟ್ಯೂಬಿನ ಒಳಗೋಡೆಗೆ ಇಡಿಟಿಎ ಎಂಬ ಲವಣ ಸವರಿರುತ್ತದೆ, ರಕ್ತ ಹೆಪ್ಪುಗಟ್ಟದಿರಲಿ ಎಂದು. ರಕ್ತ ತುಂಬಿದ ತಕ್ಷಣ ಟ್ಯೂಬನ್ನು ಎಂಟು ಹತ್ತು ಸಲ ಮೆಲ್ಲಗೆ ಮೇಲೆಕೆಳಗೆ ಮಾಡಬೇಕು. ಬಾಗಿಲಲ್ಲಿ ಇನ್ನೂ ನಲವತ್ತು ಜನ ತೋಳು ಮಡಿಸಿ ನಿಂತಿರುವಾಗ ಇದಕ್ಕೆಲ್ಲ ಪುರುಸೊತ್ತು ಯಾರಿಗಿದೆ? ನರ ಸಿಗದೆ ಸೂಜಿ ಆಡಿಸಿ ಆಡಿಸಿ ಎಳೆದ ರಕ್ತವಾದರೆ ಟ್ಯೂಬು ಸೇರುವ ಮೊದಲೇ ಸಣ್ಣ ಗರಣೆ ಕಟ್ಟಿ, ಪ್ಲೇಟ್‌ಲೆಟ್‌ಗಳು ಅದರೊಳಗೆ ಸಿಕ್ಕಿಕೊಂಡಿರುತ್ತವೆ. ಇನ್ನು ಕೆಲವರ ರಕ್ತದಲ್ಲಿ ಇಡಿಟಿಎ ತಾಗಿದ ಕಾರಣಕ್ಕೇ ಅವು ಒಂದಕ್ಕೊಂದು ಅಂಟಿ ಗುಂಪುಗೂಡುತ್ತವೆ. ಯಂತ್ರಕ್ಕೆ ಗೊತ್ತಿರುವುದು ಗಾತ್ರ ಒಂದೇ. ಫೆಮ್ಟೋಲೀಟರ್ ಎಂಬ ಅತಿ ಸೂಕ್ಷ್ಮ ಅಳತೆಯಲ್ಲಿ ಸುಮಾರು 2ರಿಂದ 20ರ ಕಣ ಹಾದುಹೋದರೆ ಪ್ಲೇಟ್‌ಲೆಟ್ ಎಂದು ಗೀಟು ಹಾಕುತ್ತದೆ. ಗುಂಪುಗೂಡಿದವು ದೊಡ್ಡವಾದ್ದರಿಂದ ಲೆಕ್ಕದಿಂದ ಹೊರಗೆ; ಕಬ್ಬಿಣಾಂಶ ಸಾಲದೆ ಕುಗ್ಗಿದ ಕೆಂಪುಕಣ ಬಂದರೆ ಅದು ಒಳಗೆ. ಅನುಮಾನ ಬಂದಾಗ ಸ್ಲೈಡಿನ ಮೇಲೆ ರಕ್ತ ಸವರಿ, ಬಣ್ಣ ಹಾಕಿ, ಆಯಿಲ್ ಲೆನ್ಸಿನಡಿ ಹತ್ತು ಜಾಗದಲ್ಲಿ ಎಣಿಸಿ, ಸರಾಸರಿಯನ್ನು 15,000ದಿಂದ ಗುಣಿಸಿ ನೋಡಬೇಕು. ಇಲ್ಲವೇ ತಿಳಿನೀಲಿ ಮುಚ್ಚಳದ ಸಿಟ್ರೇಟ್ ಟ್ಯೂಬಿನಲ್ಲಿ ಮತ್ತೆ ರಕ್ತ ತೆಗೆದು, ಬಂದ ಸಂಖ್ಯೆಗೆ ಶೇ 10ರಷ್ಟು ಸೇರಿಸಬೇಕು. ಇದ್ಯಾವುದೂ ಆಗದೆ ಬೆಳಿಗ್ಗೆ ಒಂದು ಲ್ಯಾಬಿನಲ್ಲಿ 38, ಸಂಜೆ ಇನ್ನೊಂದರಲ್ಲಿ 46 ಬಂದರೆ, ನಡುವೆ ಕುಡಿಸಿದ ಪಪ್ಪಾಯಿ ಎಲೆಯ ರಸಕ್ಕೆ ಶಾಲು ಹೊದಿಸಿ ಸನ್ಮಾನ.

ಡೆಂಗಿಯಲ್ಲಿ ಪ್ಲೇಟ್‌ಲೆಟ್ ಇಳಿಯಲು ಶುರುವಾಗುವುದು ಜ್ವರದ ಮೂರು ನಾಲ್ಕನೇ ದಿನಕ್ಕೆ. ತಳ ಮುಟ್ಟುವುದು ಐದರಿಂದ ಏಳನೇ ದಿನದೊಳಗೆ. ಆಮೇಲೆ ಬಹುಪಾಲು ಜನರಲ್ಲಿ ತಾನಾಗಿಯೇ ಏರುತ್ತದೆ. ಹೀಗಾಗಿ ಆರನೇ ದಿನ ಬಂದ ನೆಂಟರು ಏನು ತಂದರೋ ಅದೇ ದಿವ್ಯೌಷಧ. ಒಬ್ಬರು ಕಿವಿ ಹಣ್ಣು, ಇನ್ನೊಬ್ಬರು ಅಮೃತಬಳ್ಳಿ, ಮಾವನ ಕಡೆಯವರು ಮೇಕೆ ಹಾಲು. ಹಾಲು ಕಾಯಿಸಿದರೆ ಶಕ್ತಿ ಹೋಗುತ್ತದಂತೆ, ಹಸಿಯಾಗಿಯೇ ಕುಡಿಯಬೇಕಂತೆ. ಅದರಲ್ಲಿ ಬ್ರೂಸೆಲ್ಲಾ ಎಂಬ ಬ್ಯಾಕ್ಟೀರಿಯಾ ಇದ್ದರೆ ಕೆಲವು ವಾರ ಬಿಟ್ಟು ಇನ್ನೊಂದು ಜ್ವರ ಬರುತ್ತದೆ. ಅದಕ್ಕೆ ಪ್ಲೇಟ್‌ಲೆಟ್ ತಪ್ಪಿತಸ್ಥನಲ್ಲ. ಪಪ್ಪಾಯಿ ಎಲೆಯಿಂದ ಸಂಖ್ಯೆ ಕೊಂಚ ಬೇಗ ಏರಿತು ಎನ್ನುವ ಸಣ್ಣಪುಟ್ಟ ಅಧ್ಯಯನಗಳಿವೆ. ಜೀವ ಉಳಿಸಿತು ಎನ್ನುವ ಗಟ್ಟಿ ಪುರಾವೆ ಇಲ್ಲ. ಆ ಕಹಿ ಕುಡಿಸಿ ವಾಂತಿ ಮಾಡಿಸಿದರೆ ಡ್ಯೂಟಿ ಡಾಕ್ಟರಿಗೆ ಹೊಸ ತಲೆನೋವು. ಬಿಟ್ಟೂಬಿಡದ ವಾಂತಿ ಡೆಂಗಿಯಲ್ಲಿ ಅಪಾಯದ ಲಕ್ಷಣ. ಇದು ರೋಗದ ವಾಂತಿಯೋ ಎಲೆಯ ವಾಂತಿಯೋ?

ರಕ್ತಕಣಗಳ ಲೆಕ್ಕ ಕೊಡುವ ಅದೇ ಸಿಬಿಸಿ ರಿಪೋರ್ಟಿನಲ್ಲಿ, ಪ್ಲೇಟ್‌ಲೆಟ್‌ಗಿಂತ ನಾಲ್ಕೈದು ಸಾಲು ಮೇಲೆ, ಪಿಸಿವಿ ಅಂತಲೋ ಹೆಮಟೋಕ್ರಿಟ್ ಅಂತಲೋ ಇನ್ನೊಂದು ಸಂಖ್ಯೆ ತೆಪ್ಪಗೆ ಕೂತಿರುತ್ತದೆ. ಡೆಂಗಿಯಲ್ಲಿ ಜೀವ ತೆಗೆಯುವುದು ಹೆಚ್ಚಾಗಿ ಸೋರಿಕೆ. ರಕ್ತನಾಳಗಳಿಂದ ಪ್ಲಾಸ್ಮಾ ಜಿನುಗಿ ಹೊಟ್ಟೆಗೂ ಎದೆಗೂ ಇಳಿಯುತ್ತದೆ, ನಾಳದೊಳಗೆ ಉಳಿದ ರಕ್ತ ನೀರು ಇಂಗಿದ ಸಾರಿನ ಹಾಗೆ ಗಟ್ಟಿಯಾಗುತ್ತದೆ. ಪಿಸಿವಿ ಅಳೆಯುವುದು ಈ ಗಟ್ಟಿತನವನ್ನೇ. ಮೊದಲಿದ್ದದ್ದಕ್ಕಿಂತ ಶೇ 20ರಷ್ಟು ಏರಿತೆಂದರೆ ಸೋರಿಕೆ ಜೋರಾಗಿದೆ ಎಂದೇ ಅರ್ಥ. ದೊಡ್ಡ ರಕ್ತಸ್ರಾವ ಆಗುವುದೂ ಬಹುತೇಕ ಈ ಸೋರಿಕೆಯ ಷಾಕ್, ಅಂದರೆ ಅಂಗಾಂಗಗಳಿಗೆ ರಕ್ತ ಸಾಲದ ಸ್ಥಿತಿ, ಗಂಟೆಗಟ್ಟಲೆ ಎಳೆದ ಮೇಲೆಯೇ.

ಆದರೆ ಪಾಪ, ಪಿಸಿವಿಗೆ ಪ್ರಚಾರ ಮಾಡಿಕೊಳ್ಳಲು ಬರುವುದಿಲ್ಲ. ರಕ್ತಹೀನತೆ ಇರುವ ಹೆಂಗಸೊಬ್ಬರ ಪಿಸಿವಿ ಸೋಮವಾರ 33, ಗುರುವಾರ 40 ಎಂದಿಟ್ಟುಕೊಳ್ಳಿ. ಶೇ 21ರ ಏರಿಕೆ. ಲ್ಯಾಬಿನ ಸಾಫ್ಟ್‌ವೇರ್ ಏನು ಮಾಡುತ್ತದೆ? ಹೆಂಗಸರಿಗೆ 36ರಿಂದ 46 ನಾರ್ಮಲ್ ಎಂದು ಅದಕ್ಕೆ ಹೇಳಿಕೊಟ್ಟಿದ್ದಾರೆ. ಸೋಮವಾರದ 33ಕ್ಕೆ ‘ಕಡಿಮೆ’ ಎಂದು ಗುರುತು ಹಾಕಿದ್ದ ಅದೇ ಯಂತ್ರ, ಗುರುವಾರದ 40ಕ್ಕೆ ನಕ್ಷತ್ರವಿಲ್ಲ, ದಪ್ಪ ಅಕ್ಷರವಿಲ್ಲ, ಎಲ್ಲ ಸುಸೂತ್ರ ಎಂದು ಸಹಿ ಹಾಕುತ್ತದೆ. ಪಕ್ಕದಲ್ಲೇ ಪ್ಲೇಟ್‌ಲೆಟ್ 95,000, ಕೆಂಪು ಶಾಯಿಯಲ್ಲಿ. ಮನೆಯವರ ಫೋನಿಗೆ ಎಸ್‌ಎಂಎಸ್ ಹೋಗುವುದೂ ಅದಕ್ಕೇ. ಮೊದಲ ದಿನಗಳಲ್ಲೇ ಒಂದು ಸಿಬಿಸಿ ಮಾಡಿಸಿಟ್ಟಿದ್ದರೆ ಏರಿಕೆ ಅಳೆಯಲು ಬುಡ ಸಿಗುತ್ತದೆ. ಅದನ್ನು ಮಾಡಿಸದೆ ಐದನೇ ದಿನದಿಂದ ದಿನಕ್ಕೆ ಮೂರು ಸಲ ಪ್ಲೇಟ್‌ಲೆಟ್ ನೋಡುವುದು ನಮ್ಮ ಪದ್ಧತಿ.

ಇನ್ನೊಂದು ತಮಾಷೆ ಜ್ವರ ಬಿಟ್ಟ ದಿನದ್ದು. ಥರ್ಮಾಮೀಟರು 99 ತೋರಿಸಿದೊಡನೆ ಮನೆಯಲ್ಲಿ ಪಾಯಸ. ಡೆಂಗಿಯ ಗಂಡಾಂತರದ 24ರಿಂದ 48 ಗಂಟೆ ಶುರುವಾಗುವುದು ಸರಿಯಾಗಿ ಆ ಹೊತ್ತಿಗೇ. ಆಗ ಕೈಕಾಲು ತಣ್ಣಗಾಗುತ್ತಿದೆಯೇ, ಹೊಟ್ಟೆ ನೋವು ಬಿಡದೆ ಕಾಡುತ್ತಿದೆಯೇ, ನಾಲ್ಕಾರು ಗಂಟೆಗೊಮ್ಮೆ ಮೂತ್ರ ಹೋಗುತ್ತಿದೆಯೇ, ಸುಮ್ಮನೆ ಮಲಗಿದ್ದವರು ಚಡಪಡಿಸುತ್ತಿದ್ದಾರೆಯೇ ಎಂದು ನೋಡಬೇಕು. ಬಿಪಿ ನೋಡುವಾಗಲೂ ಮೇಲಿನ ಸಂಖ್ಯೆ ಒಂದೇ ಸಾಲದು. 100/84 ಬಂದರೆ “ನೂರಿದೆಯಲ್ಲ, ಬಿಪಿ ನಾರ್ಮಲ್” ಎಂದು ಸಮಾಧಾನಪಟ್ಟುಕೊಳ್ಳುತ್ತಾರೆ. ಎರಡರ ನಡುವಿನ ಅಂತರ 16. ಅದು 20 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಷಾಕ್ ಶುರುವಾಗಿದೆ ಎಂದೇ ಹಿಡಿಯಬೇಕು. ಒಂದು ಕಳೆಯುವ ಲೆಕ್ಕ, ಅದಕ್ಕೆ ಲ್ಯಾಬೂ ಬೇಡ.

ಆದರೆ ಅದಕ್ಕೆ ಬಿಲ್ಲೂ ಆಗುವುದಿಲ್ಲವಲ್ಲ! ಅಪಾಯದ ಲಕ್ಷಣ ಕಂಡವರಿಗೆ ಕೊಡುವ ಸಲೈನನ್ನು ಕೆಜಿಗೆ ಗಂಟೆಗೆ 5ರಿಂದ 7 ಎಂಎಲ್‌ನಂತೆ ಶುರುಮಾಡಿ, ಒಂದೆರಡು ಗಂಟೆಯಲ್ಲಿ ನಾಡಿ, ಬಿಪಿ ನೋಡಿ, ಪಿಸಿವಿ ಮತ್ತೆ ತೆಗೆದು ಇಳಿಸುತ್ತ ಬರಬೇಕು. 60 ಕೆಜಿಯವರಿಗೆ ಮೊದಲ ಗಂಟೆಗೆ 300ರಿಂದ 420 ಎಂಎಲ್. ಎದುರಿಗೆ ನಿಂತು ಮಾಡಬೇಕಾದ ಕೆಲಸ ಇದು, ನೋಡಲು ಏನೂ ಗತ್ತಿಲ್ಲ. ಹಳದಿ ಬಣ್ಣದ ಪ್ಲೇಟ್‌ಲೆಟ್ ಚೀಲ ಸ್ಟ್ಯಾಂಡಿಗೆ ತೂಗಿದರೆ ಮಾತ್ರ ನೆಂಟರಿಗೆ ಚಿಕಿತ್ಸೆ ನಡೆಯುತ್ತಿದೆ ಎನ್ನಿಸುತ್ತದೆ. ದಾನಿ ಬೇಕೆಂದು ಸ್ಟೇಟಸ್ ಹಾಕಿ, ನಾಲ್ಕು ಜನ ಸಹೋದ್ಯೋಗಿಗಳನ್ನು ಆಫೀಸಿನಿಂದ ಎಬ್ಬಿಸಿ ತಂದು, 50ರಿಂದ 70 ಎಂಎಲ್‌ನ ಚೀಲಗಳನ್ನು ಸಾಲಾಗಿ ಏರಿಸುತ್ತಾರೆ. ಸಾಮಾನ್ಯವಾಗಿ ಒಂದು ಚೀಲಕ್ಕೆ 5,000ದಿಂದ 10,000 ಏರಬೇಕು. ಡೆಂಗಿಯಲ್ಲಿ ಸ್ವಂತ ಪ್ಲೇಟ್‌ಲೆಟ್ ಸಾಯುವ ಕಡೆಯೇ ಕಡ ತಂದವೂ ಸಾಯುತ್ತವೆ, ಬೆಳಗಾದರೆ ಸಂಖ್ಯೆ ಇದ್ದಲ್ಲೇ. ಸಿಂಗಪುರ, ಮಲೇಷ್ಯಾಗಳಲ್ಲಿ ಪ್ಲೇಟ್‌ಲೆಟ್ 20,000ಕ್ಕೋ ಅದಕ್ಕೂ ಕೆಳಗೋ ಇಳಿದಿದ್ದ 372 ವಯಸ್ಕರ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಮುಂಜಾಗ್ರತೆಗೆಂದು ಚೀಲ ಏರಿಸಿದ್ದರಿಂದ ರಕ್ತಸ್ರಾವವೇನೂ ಗಣನೀಯವಾಗಿ ತಗ್ಗಲಿಲ್ಲ. ತುರಿಕೆ, ಅಲರ್ಜಿಯಂಥ ತೊಂದರೆ ಮಾತ್ರ ಹೆಚ್ಚಾಯಿತು. ಸೋರಿದ ಪ್ಲಾಸ್ಮಾ ನಾಳಗಳಿಗೆ ವಾಪಸ್ ಬರುವ ಹೊತ್ತಿಗೆ ಈ ಚೀಲಗಳೂ ಸೇರಿದರೆ ಶ್ವಾಸಕೋಶಕ್ಕೆ ನೀರು ತುಂಬುವುದೂ ಉಂಟು. ವಾಸಿಯಾಗುತ್ತಿದ್ದವನಿಗೆ ಉಸಿರಾಟದ ತೊಂದರೆ, ಐಸಿಯು, ಅಲ್ಲಿ ಮತ್ತೆ ಪ್ಲೇಟ್‌ಲೆಟ್ ಎಣಿಕೆ.

ಸಂಖ್ಯೆಯ ಈ ಭಕ್ತಿ ಡೆಂಗಿಗೆ ಮಾತ್ರ ಮೀಸಲಲ್ಲ. 2021ರ ಕೋವಿಡ್ ಅಲೆಯಲ್ಲಿ ಸಿಆರ್‌ಪಿ, ಫೆರಿಟಿನ್, ಐಎಲ್-6, ಡಿ-ಡೈಮರ್ ಎಂಬ ರಕ್ತಪರೀಕ್ಷೆಗಳನ್ನೆಲ್ಲ ಸೇರಿಸಿದ ಪ್ಯಾಕೇಜು ಮನೆಬಾಗಿಲಿಗೇ ಬಂತು. ಒಂದು ಲ್ಯಾಬು ಡಿ-ಡೈಮರ್ 0.6 ಎಂದು ಮೈಕ್ರೋಗ್ರಾಮಿನಲ್ಲಿ ಬರೆಯಿತು, ಇನ್ನೊಂದು 600 ಎಂದು ನ್ಯಾನೋಗ್ರಾಮಿನಲ್ಲಿ ಬರೆಯಿತು. ಎರಡೂ ಒಂದೇ, ಆದರೆ ಮನೆಯವರ ಪಾಲಿಗೆ ರಾತ್ರೋರಾತ್ರಿ ಸಾವಿರಪಟ್ಟು ಏರಿಕೆ! ಸಿಆರ್‌ಪಿ ಹೆಚ್ಚಿದೆ ಎಂದು ಆಕ್ಸಿಜನ್ 97 ಇದ್ದವರೂ ಸ್ಟಿರಾಯ್ಡ್ ನುಂಗಿದರು. ಆಕ್ಸಿಜನ್ ಬೇಕಾದವರಿಗೆ ಮಾತ್ರ ಅದರಿಂದ ಲಾಭ ಎಂದು ಬ್ರಿಟನ್ನಿನ ರಿಕವರಿ ಪ್ರಯೋಗ 2020ರಲ್ಲೇ ಹೇಳಿತ್ತು.

ಸರ್ಕಾರವೂ ಕೈಕಟ್ಟಿ ಕೂತಿಲ್ಲ. 2024ರಲ್ಲಿ ಕರ್ನಾಟಕ ಡೆಂಗಿಯನ್ನು ಸಾಂಕ್ರಾಮಿಕ ಎಂದು ಘೋಷಿಸಿತು, ಡೆಂಗಿ ಪತ್ತೆಮಾಡುವ ಎನ್‌ಎಸ್1 ಎಲೈಸಾ ಪರೀಕ್ಷೆಗೆ 300 ರೂಪಾಯಿ ಎಂದು ದರ ಕಟ್ಟಿತು, ಸೊಳ್ಳೆ ಸಾಕಿಕೊಂಡ ಮನೆಗೆ ದಂಡವನ್ನೂ ವಿಧಿಸಿತು. ತಾರಸಿಯ ಮೇಲಿನ ಮುರಿದ ಬಕೆಟ್ಟನ್ನು ಕವುಚಿ ಹಾಕುವುದಕ್ಕೆ ದರ ಕಟ್ಟಿಲ್ಲವಾದ್ದರಿಂದ ಜನ ಅದನ್ನು ಅಷ್ಟಾಗಿ ನಂಬುವುದಿಲ್ಲ.

ಡಿಸ್ಚಾರ್ಜ್ ದಿನ ನಾಟಕದ ಕೊನೆಯ ಅಂಕ. ಪ್ಯಾರಾಸಿಟಮಾಲ್ ಇಲ್ಲದೆಯೇ ಜ್ವರ ಬಿಟ್ಟು ಎರಡು ದಿನವಾಗಿದೆ, ಹಸಿವಾಗುತ್ತಿದೆ, ಮೂತ್ರ ಧಾರಾಳವಾಗಿ ಹೋಗುತ್ತಿದೆ, ಪಿಸಿವಿ ಇಳಿದು ನಿಂತಿದೆ, ಕಾಲಿನಲ್ಲಿ ಕೆಂಪು ಗಂಧೆ ಎದ್ದು ತುರಿಕೆ ಶುರುವಾಗಿದೆ. ವಾಸಿಯಾಗುತ್ತಿರುವ ಡೆಂಗಿಯ ಗುರುತುಗಳಿವು. ಪ್ಲೇಟ್‌ಲೆಟ್ 62,000, ಏರುಮುಖ. ಹೋಗಬಹುದು ಎಂದು ಡಾಕ್ಟರು ಚೀಟಿ ಬರೆದರೆ ಚಿಕ್ಕಪ್ಪ ಬಾಗಿಲಿಗೆ ಅಡ್ಡ ನಿಲ್ಲುತ್ತಾರೆ. ಹೊರಗೆ ಕ್ಯಾಷುವಾಲ್ಟಿಯಲ್ಲಿ ಮಂಚಕ್ಕಾಗಿ ಕಾದಿರುವ ಹುಡುಗಿಗೆ ಬೆಳಿಗ್ಗೆಯಷ್ಟೇ ಜ್ವರ ಬಿಟ್ಟಿದೆ, ಅಂಗೈ ತಣ್ಣಗಿದೆ, ಮಧ್ಯಾಹ್ನದಿಂದ ಮೂತ್ರ ಹೋಗಿಲ್ಲ. ಅವಳ ಪ್ಲೇಟ್‌ಲೆಟ್ 1,10,000 ಇರುವುದರಿಂದ ಯಾರಿಗೂ ಅವಸರವಿಲ್ಲ.

“ಇನ್ನೆರಡು ದಿನ ಇಟ್ಕೊಳ್ಳಿ ಸಾರ್,” ಎನ್ನುತ್ತಾರೆ ಚಿಕ್ಕಪ್ಪ. “ಒಂದ್ ಲಕ್ಷ, ರೌಂಡ್ ಫಿಗರ್ ಆಗ್ಲಿ.”